ಐದನೆಯ ಬೋಗುಣಿ

ಗದುಗಿನ ಆ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ವನಿತಾಳಿಗೆ ಒಂದು ಹೆಸರಿತ್ತು. ಬಾಯಿಯೇ ಬಿಡದ ಹುಡುಗಿಯನ್ನೂ ಎರಡು ವರ್ಷದಲ್ಲಿ ಗೋಡೆ ಮೊಳಗುವಂತೆ ಪಾಠ ಹೇಳುವ ಶಿಕ್ಷಕಿಯನ್ನಾಗಿ ಮಾಡಿ ಕಳಿಸುತ್ತಾಳೆ ಎಂಬ ಹೆಸರು. ಮುಂಡರಗಿಯಲ್ಲಿ ಹುಟ್ಟಿ ಬೆಟಗೇರಿಗೆ ಸೊಸೆಯಾಗಿ ಬಂದ ಅವಳು ಹದಿನಾಲ್ಕು ವರ್ಷದಿಂದ ಅಲ್ಲಿ ಒಂದೇ ವಿಷಯ ಕಲಿಸುತ್ತಿದ್ದಳು. ಚಿಕ್ಕ ಮಕ್ಕಳಿಗೆ ಪರಿಸರದ ಪಾಠ ಹೇಗೆ ಮಾಡಬೇಕು ಎಂಬುದು. ನೀರು, ಗಾಳಿ, ಮಣ್ಣು, ಗಿಡ, ಹಕ್ಕಿ. ಒಂದೊಂದಕ್ಕೂ ಒಂದು ಚಾರ್ಟು, ಒಂದು ಹಾಡು, ಐದು ಪ್ರಶ್ನೆ, ಐದು ಉತ್ತರ.

"ಹುಡುಗರಿಗೆ ನಮ್ಮ ಅಂಜಿಕಿ ವಾಸನಿ ಬಡಿತೈತಿ," ಎಂದು ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುತ್ತಿದ್ದಳು. "ಗೊತ್ತಿಲ್ಲ ಅನ್ನೂ ಮಾತು ನಿಮ್ಮ ಬಾಯಾಗ ಬರಬಾರದು. ಒಮ್ಮೆ ಬಂತಂದ್ರ ಆ ವರ್ಗ ನಿಮ್ಮ ಕೈಯಾಗ ಉಳಿಯೂದಿಲ್ಲ. ಹಿಂದಿನ ಗ್ವಾಡಿ ನೋಡಿಕೋತ ನಿಂತು ಒಂದು ಉತ್ತರ ಕೊಟ್ಟುಬಿಡ್ರಿ. ತಪ್ಪಾದ್ರ ಮರುದಿನ ತಿದ್ದಿದ್ರಾತು."

ಈ ವರ್ಷದ ತಂಡದಲ್ಲಿ ಆ ಮಾತು ತಲೆಗೆ ಹತ್ತದವಳು ಸೊರಟೂರಿನ ನೀಲಾ ಒಬ್ಬಳೇ. ಒಕ್ಕಲುತನದ ಮನೆಯ ಹುಡುಗಿ, ಸಣ್ಣ ದನಿ, ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಡುವ ಸ್ವಭಾವ. ಕಾಲೇಜಿನಲ್ಲೇ ಗೆಳತಿಯರ ಮುಂದೆ ನೀರಿನ ಪಾಠ ಮಾಡುವಾಗ, ಮಗುವಿನ ಸೋಗು ಹಾಕಿದ ಒಬ್ಬಳು ಎದ್ದು, "ಅಕ್ಕೋರ, ನಮ್ಮೂರ ಬೋರಿನ ನೀರು ಯಾಕ ಸವಳು?" ಎಂದು ಕೇಳಿದಳು. ನೀಲಾ ಒಂದು ಗಳಿಗೆ ನಿಂತು, "ನನಗ ಖರೇನ ಗೊತ್ತಿಲ್ಲ," ಎಂದುಬಿಟ್ಟಳು. ಎಲ್ಲರೂ ನಕ್ಕರು. ವನಿತಾ ನಗಲಿಲ್ಲ. ಅವಳನ್ನು ಮತ್ತೆ ಹಲಗೆಯ ಮುಂದೆ ನಿಲ್ಲಿಸಿ, 'ಭೂಮಿಯೊಳಗಿನ ಲವಣಗಳಿಂದ' ಎಂದು ಮೂರು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ದನಿ ಹೊರಗಿನ ಪಡಸಾಲೆಗೂ ಕೇಳಿಸಿತು.

"ನೋಡು, ಧೈರ್ಯ ಅಂದ್ರ ಇಷ್ಟ ಐತಿ," ಎಂದಳು ವನಿತಾ. ನೀಲಾ ತಲೆ ಅಲ್ಲಾಡಿಸಿದಳು. ಒಪ್ಪಿದ್ದಕ್ಕೋ ಸೋತದ್ದಕ್ಕೋ ತಿಳಿಯಲಿಲ್ಲ.

ಮಾರ್ಚ್ ತಿಂಗಳಲ್ಲಿ ತರಬೇತಿಯವರನ್ನೆಲ್ಲ ಶಾಲೆಗಳಿಗೆ ಹಂಚಿದರು. ಹೆಚ್ಚಿನವರು ಗದುಗಿನ ಸುತ್ತಲೇ ಶಾಲೆ ಹಿಡಿದರು. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವೆ ದಾರಿ ಬಿಟ್ಟು ಒಳಗಿರುವ ಎಳ್ಳಿಕೊಪ್ಪಕ್ಕೆ ಹೋಗಲು ಯಾರೂ ಒಪ್ಪಲಿಲ್ಲ. ನೀಲಾ ಒಪ್ಪಿಕೊಂಡಳು. ಅಲ್ಲಿ ಹೋಗಿ ನಾಲ್ಕು ದಿನಕ್ಕೆ ವನಿತಾಳಿಗೆ ಫೋನು ಮಾಡಿ, ಚಾರ್ಟಿನ ಬದಲು ಬೇರೆ ಏನಾದರೂ ಮಾಡಲೇ ಎಂದು ಕೇಳಿದ್ದಳು. ಬೇಸಿಗೆಗೆ ಹಕ್ಕಿಗಳಿಗೆ ನೀರಿಡುವುದು ಎಲ್ಲ ಶಾಲೆಯಲ್ಲೂ ಇದೆ. ಅವಳು ಐದು ಮಣ್ಣಿನ ಬೋಗುಣಿ ತಂದು, ಒಂದೊಂದಕ್ಕೆ ಊರಿನ ಒಂದೊಂದು ಕಡೆಯ ನೀರು ಹಾಕಿಸುತ್ತಾಳಂತೆ. ಓಣಿಯ ನಳದ್ದು, ಹಳೆ ಬಾವಿಯದು, ಕೆರೆಯದು, ಕೈಪಂಪಿನದು, ಶಾಲೆಯ ನೀರಿನ ಟಾಕಿಯದು. ಯಾವ ಹಕ್ಕಿ ಯಾವಾಗ ಬಂತು ಎಂದು ಮಕ್ಕಳು ಬರೆದಿಡಬೇಕು. ನಮ್ಮ ನೀರು ಎಲ್ಲಿಂದ ಬರುತ್ತದೆ ಎಂಬ ಪಾಠವೂ ಆಯಿತು, ಹಕ್ಕಿಯ ಪಾಠವೂ ಆಯಿತು.

"ಮಾಡು," ಎಂದಿದ್ದಳು ವನಿತಾ. "ಆದ್ರ ಪಾಠದ ಯೋಜನಾ ತಪ್ಪಸಬ್ಯಾಡ."

ಎರಡು ವಾರ ಕಳೆದು ಒಂದು ಗುರುವಾರ ಅವಳು ಪಾಠ ನೋಡಿ ಅಂಕ ಕೊಡಲು ಎಳ್ಳಿಕೊಪ್ಪಕ್ಕೆ ಹೊರಟಳು. ಶಿರಹಟ್ಟಿಯಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ಹೋಗುವಾಗ ಹತ್ತೂವರೆಗೇ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಎರಡೂ ಕಡೆ ಬೋಳು ಎರೆಹೊಲ. ಅಲ್ಲಲ್ಲಿ ಬೋರು ಇದ್ದವರ ಬದನೆ, ಸೌತೆ ಮಾತ್ರ ಹಸಿರು. ಶಾಲೆ ಊರಿನಾಚೆ ಒಂದು ಏರಿಯ ಮೇಲಿತ್ತು. ಮುಂದೆ ದೊಡ್ಡ ಬೇವಿನ ಮರ. ಅದರ ಕೊಂಬೆಗಳಿಗೆ ಸುತಳಿಯಿಂದ ಕಟ್ಟಿದ ಬೋಗುಣಿಗಳು ತೂಗುತ್ತಿದ್ದವು. ನಾಲ್ಕರ ಸುತ್ತ ಗುಬ್ಬಿ, ಗೊರವಂಕಗಳ ಗಲಾಟೆ. ಗೇಟಿನ ಕಡೆ ಇದ್ದ ಐದನೆಯದರ ಹತ್ತಿರ ಏನೂ ಇರಲಿಲ್ಲ. ವನಿತಾ ದಾಟಿ ಹೋಗುತ್ತ ಅದರೊಳಗೆ ಇಣುಕಿದಳು. ನೀರಿನ ಮೇಲೆ ಇರುವೆಗಳು ಸತ್ತು ತೇಲುತ್ತಿದ್ದವು. ಒಂದೆರಡಲ್ಲ, ಅಂಚಿನ ಸುತ್ತ ಕಪ್ಪು ದಾರ ಸುತ್ತಿದಷ್ಟು.

ಬೇಲಿಯ ಬುಡದಲ್ಲಿ ಸಣ್ಣ ಸಣ್ಣ ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಒಂದು ಬಿಳಿ ಕಲ್ಲು. ಮಕ್ಕಳ ಆಟವಿರಬೇಕು ಎಂದುಕೊಂಡು ಅವಳು ಒಳಗೆ ಹೋದಳು.

ನೀಲಾಳ ಪಾಠ ನೋಡಿ ಅವಳಿಗೆ ಆಶ್ಚರ್ಯವಾಯಿತು. ಐದನೆಯ ತರಗತಿಯ ಮೂವತ್ತು ಮಕ್ಕಳ ಮುಂದೆ ಆ ಹುಡುಗಿ ನೆಟ್ಟಗೆ ನಿಂತು, ಹಿಂದಿನ ಗೋಡೆ ನೋಡುತ್ತ, ಗಟ್ಟಿ ದನಿಯಲ್ಲಿ ಹೇಳುತ್ತಿದ್ದಳು. ಹಲಗೆಯ ಮೇಲೆ 'ಹಕ್ಕಿಗಳು ಸಾಯಲು ಕಾರಣ: ಬಿಸಿಲು' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಮಕ್ಕಳು ಮಾತ್ರ ವಿಚಿತ್ರವಾಗಿ ಸುಮ್ಮನಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಿದ್ದರು, ತಾವಾಗಿ ಒಬ್ಬರೂ ಕೇಳಲಿಲ್ಲ. ವನಿತಾ ಹಾಳೆಯಲ್ಲಿ 'ಆತ್ಮವಿಶ್ವಾಸ' ಎಂಬುದರ ಮುಂದೆ 'ಅತ್ಯುತ್ತಮ' ಎಂದು ಬರೆದಳು.

ಪಾಠ ಮುಗಿಸಿ ಪಡಸಾಲೆಗೆ ಬಂದ ನೀಲಾ ಆ ಹಾಳೆಯನ್ನು ನೋಡಿ ಸಂತೋಷಪಡಲಿಲ್ಲ.

"ಮೇಡಂ, ನೀವು ಹೇಳಿದಂಗ ಹೇಳಿದೆ," ಎಂದಳು. "ಆದ್ರ ಅದು ಸುಳ್ಳು ಐತ್ರಿ."

"ಯಾವುದು?"

"ಬಿಸಲಿಗೆ ಸತ್ತಾವ ಅನ್ನೂದು." ಅವಳು ಬೇಲಿಯ ಕಡೆ ಕೈ ಮಾಡಿದಳು. "ಅಲ್ಲೆ ಏಳು ಹಕ್ಕಿ ಹುಗದೇವ್ರಿ. ಏಳೂ ಐದನೇ ಬೋಗುಣಿ ಕೆಳಗ ಬಿದ್ದಿದ್ದವು. ಮೊದಲ ಜಾಗಾ ಸರಿ ಇಲ್ಲ ಅನ್ಕೊಂಡು ಬೋಗುಣಿ ಅದಲು ಬದಲು ಮಾಡಿದೆ. ಎಲ್ಲಿ ಕಟ್ಟಿದ್ರೂ ಟಾಕಿ ನೀರಿನ ಬೋಗುಣಿ ಕೆಳಗ ಸಾಯ್ತಾವ. ಸೋಮವಾರ ರಾಮವ್ವ ಅಂತ ಒಂದು ಹುಡುಗಿ ಕೇಳಿದ್ಲು, 'ಬಿಸಲಿಗೆ ಸತ್ರ ಉಳಿದ ನಾಕು ಬೋಗುಣಿ ಹಕ್ಕಿ ಯಾಕ ಸಾಯಲಿಲ್ರಿ' ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ಆಕಿನ್ನ ಕುಂಡ್ರಿಸಿ, ಗಟ್ಟಿಯಾಗಿ ಬಿಸಿಲು ಅಂತ ಬರದೆ. ಅವತ್ತಿನಿಂದ ಯಾರೂ ಏನೂ ಕೇಳೂದಿಲ್ರಿ."

ವನಿತಾ ಹಾಳೆಯನ್ನು ಮಡಿಚಿ ಚೀಲದೊಳಗೆ ಇಟ್ಟಳು. "ಟಾಕಿಗೆ ನೀರು ಎಲ್ಲಿಂದ ಬರ್ತೈತಿ?"

"ಸಾಲಿ ಬೋರಿನ ಮೋಟಾರು ಸುಟ್ಟು ಹನ್ನೆರಡು ದಿನ ಆತ್ರಿ. ಸಾಲಿ ಸಮಿತಿ ಅಧ್ಯಕ್ಷರು ತಮ್ಮ ಟ್ಯಾಂಕರಿಂದ ತುಂಬಸಾಕತ್ತಾರ. ಬರೇ ಕೈ ತೊಳ್ಯಾಕ, ಪಾಯಿಖಾನಿಗೆ. ಅಡಗಿಗೆ ಉಡಚವ್ವ ಕೈಪಂಪಿಂದ ಹೊತ್ತು ತರ್ತಾಳ."

ಟಾಕಿ ಅಡುಗೆಮನೆಯ ಹಿಂದೆ ಇತ್ತು, ಆಳೆತ್ತರದ ಕಪ್ಪು ಪ್ಲಾಸ್ಟಿಕ್ಕಿನದು. ವನಿತಾ ಕಲ್ಲಿನ ಮೇಲೆ ಹತ್ತಿ ಮುಚ್ಚಳ ಸರಿಸಿದಳು. ಒಳಗಿನಿಂದ ಬಿಸಿ ಹಬೆಯ ಜೊತೆ ಒಂದು ವಾಸನೆ ಬಂತು. ಕೊಳೆತ ಬೆಳ್ಳುಳ್ಳಿಯಂಥದು, ಅದರ ಹಿಂದೆ ಸೀಮೆಎಣ್ಣೆಯಂಥದು. ನೀರು ತಿಳಿಯಾಗಿಯೇ ಇತ್ತು, ಅವಳ ಮುಖ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಮ್ಮಪ್ಪ ಹೊಲಕ್ಕ ಎಣ್ಣಿ ಹೊಡದು ಬಂದಾಗ ಅಂಗಿ ಹಿಂಗ ನಾರತಿತ್ರಿ," ಎಂದಳು ನೀಲಾ ಕೆಳಗಿನಿಂದ. ಆ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. "ನಿನ್ನೆ ಸಂಜಿಮುಂದ ಹೊಸಾ ನೀರು ಬಂದಾವ. ಮೊದಲ ಇಷ್ಟು ವಾಸನಿ ಇರಲಿಲ್ಲ."

ಅಷ್ಟರಲ್ಲಿ ಅಡುಗೆಮನೆಯಿಂದ ಉಡಚವ್ವ ಹೊರಗೆ ಬಂದಳು. ಬಿಸಿಯೂಟ ಮಾಡುವ ಹೆಂಗಸು, ಐವತ್ತು ದಾಟಿದವಳು. ಅವಳ ಬಲಗೈಗೆ ಅರಿಶಿಣ ಹಚ್ಚಿ ಬಟ್ಟೆ ಸುತ್ತಿತ್ತು.

"ಏನವ್ವಾ, ಕೈಗೆ ಏನಾತು?" ಎಂದಳು ವನಿತಾ.

"ನಿನ್ನೆ ಕೊಡಾ ಜಾರಿ ಉಳುಕೈತ್ರಿ ಅಕ್ಕೋರ. ಹೊರಾಕ ಆಗವಲ್ದು. ಅದಕ್ಕ ದೊಡ್ಡ ಮಾಸ್ತರು ಟಾಕಿ ನೀರ ಹಾಕು ಅಂದ್ರು. ಇವತ್ತ ಮೊದಲನೇ ಸಲ ಹಾಕೇನ್ರಿ."

ನೀಲಾ ಮತ್ತು ವನಿತಾ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಅನ್ನ ಆಗಲೇ ಬೆಂದಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು. ಒಂದು ಗಂಟೆಗೆ ನೂರಾ ಹದಿನಾಲ್ಕು ಮಕ್ಕಳು ತಟ್ಟೆ ಹಿಡಿದು ಕೂರುತ್ತಿದ್ದರು.

ಮುಖ್ಯೋಪಾಧ್ಯಾಯರಾದ ನಿಜಲಿಂಗಪ್ಪನವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಆ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕಳೆದರೆ ಸಾಕಾಗಿತ್ತು. ವನಿತಾ ಹೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು.

"ಮೇಡಂ, ಮಾರ್ಚ್ ತಿಂಗಳದಾಗ ಗುಬ್ಬಿ ಸಾಯೂದು ಹೊಸಾದಲ್ಲ. ಟಾಕಿ ಪ್ಲಾಸ್ಟಿಕ್ ಐತಿ, ಬಿಸಲಿಗೆ ನಾರತೈತಿ. ಇವತ್ತ ಊಟ ನಿಲ್ಲಿಸಿದ್ರ ಮ್ಯಾಲಿನವರಿಗೆ ನಾ ಏನಂತ ಬರೀಲಿ? ಏಳು ಗುಬ್ಬಿ ಸತ್ತವು ಅಂತ ಬರೀಲಿ? ಅಧ್ಯಕ್ಷ ಪುಂಡಲೀಕಪ್ಪ ತಾನಾಗಿ ನೀರು ಕೊಡಾಕತ್ತಾನ. ನಾಳೆ ಅವನೂ ಬಿಟ್ರ ಹುಡುಗರು ಕೈ ತೊಳ್ಯಾಕ ಎಲ್ಲಿ ಹೋಗಬೇಕು?" ಅವರು ದನಿ ತಗ್ಗಿಸಿದರು. "ನಿಮ್ಮ ಕಾಲೇಜಿಗೂ ಈ ಸಾಲಿ ಬೇಕಲ್ರಿ. ಮುಂದಿನ ವರ್ಷನೂ ಹುಡುಗರನ್ನ ಕಳಸಬೇಕು. ನಿಮಗ ಖಾತ್ರಿ ಐತೇನು, ನೀರಿನಾಗ ಏನೈತಿ ಅಂತ?"

ಖಾತ್ರಿ ಇರಲಿಲ್ಲ. ಹದಿನಾಲ್ಕು ವರ್ಷ ಸಾವಿರ ಪ್ರಶ್ನೆಗೆ ಸಾವಿರ ಉತ್ತರ ಬರೆಸಿದವಳ ಹತ್ತಿರ ಆ ಒಂದು ಪ್ರಶ್ನೆಗೆ ಏನೂ ಇರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ನೀಲಾ ಅಲ್ಲಿರಲಿಲ್ಲ.

ಅವಳು ತರಗತಿಗೆ ಹೋಗಿದ್ದಳು. ವನಿತಾ ಬಾಗಿಲಿಗೆ ಬರುವ ಹೊತ್ತಿಗೆ ಹಲಗೆಯ ಮೇಲಿನ ಅಕ್ಷರಗಳು ಒರೆಸಿಹೋಗಿದ್ದವು. ಶಾಲೆಯ ಮಕ್ಕಳನ್ನೆಲ್ಲ ಆ ಒಂದೇ ಕೋಣೆಯೊಳಗೆ ಕರೆಸಿದ್ದಳು. ಸಣ್ಣವು ನೆಲದ ಮೇಲೆ, ದೊಡ್ಡವು ಗೋಡೆಗೆ. ನೀಲಾಳ ದನಿ ಮೊದಲಿನಂತೆ ಸಣ್ಣದೇ ಆಗಿತ್ತು, ಆದರೆ ಅವಳು ಈಗ ಗೋಡೆ ನೋಡುತ್ತಿರಲಿಲ್ಲ.

"ಸೋಮವಾರ ನಾ ನಿಮಗೊಂದು ಮಾತು ಹೇಳಿದ್ನಿ, ಹಕ್ಕಿ ಬಿಸಲಿಗೆ ಸತ್ತಾವ ಅಂತ. ಅದು ನನಗ ಗೊತ್ತಿದ್ದು ಹೇಳಿದ್ದಲ್ಲ. ಯಾಕ ಸತ್ತಾವ ಅಂತ ನನಗ ಗೊತ್ತಿಲ್ಲ. ಟಾಕಿ ನೀರು ಕುಡದು ಸತ್ತಾವೇನೋ ಅಂತ ಸಂಶೆ ಐತಿ. ಗೊತ್ತಾಗೂತನಕ ಆ ನೀರು ಯಾರೂ ಮುಟ್ಟಬ್ಯಾಡ್ರಿ. ಇವತ್ತಿನ ಸಾರು, ಅನ್ನ ಎರಡೂ ಅದ ನೀರಿನಾಗ ಆಗ್ಯಾವ. ಉಣಬ್ಯಾಡ್ರಿ."

ಯಾರೋ ಒಬ್ಬ ಸಣ್ಣವನು ಅಳಲು ಶುರುಮಾಡಿದ. ಹಸಿವಿಗೋ ಹೆದರಿಕೆಗೋ.

"ಟಾಕಿ ನಳದ ನೀರು ಯಾರ್ಯಾರು ಕುಡದೀರಿ? ಬೈಯೂದಿಲ್ಲ. ಕೈ ಎತ್ತರಿ."

ಮೂರು ಕೈ ಎದ್ದವು. ಸ್ವಲ್ಪ ತಡೆದು ನಾಲ್ಕನೆಯದು. ಎಲ್ಲರೂ ಒಂದೊಂದು ಗುಟುಕು, ಅದೂ ಕಹಿಯಾಗಿದ್ದಕ್ಕೆ ಉಗುಳಿದವರು. ಕಿಟಕಿಯ ಹತ್ತಿರದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಅಕ್ಕೋರ, ರಾಮವ್ವ ದಿನಾ ಕುಡೀತಿದ್ಲ್ರಿ. ಆಕಿ ಮನಿಂದ ಬಾಟ್ಲಿ ತರೂದಿಲ್ಲ."

ರಾಮವ್ವ ಎರಡು ದಿನದಿಂದ ಶಾಲೆಗೆ ಬಂದಿರಲಿಲ್ಲ. ವಾಂತಿ ಎಂದು ಮನೆಯವರು ಹೇಳಿ ಕಳಿಸಿದ್ದರು. ಬಿಸಿಲು ಬಡಿದಿರಬೇಕು, ದೃಷ್ಟಿಯೂ ಆಗಿರಬೇಕು ಎಂದು ಅವಳ ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳಂತೆ.

ನಿಜಲಿಂಗಪ್ಪನವರು ಇಷ್ಟು ಹೊತ್ತಿಗೆ ಪುಂಡಲೀಕಪ್ಪನಿಗೆ ಫೋನು ಮಾಡಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಅವನು. ಹತ್ತು ನಿಮಿಷಕ್ಕೆ ಬೈಕಿನ ಸದ್ದು ಕೇಳಿತು. ಬಿಳಿ ಅಂಗಿ, ಹೆಗಲಿಗೆ ಟಾವೆಲು, ಬಾಯಿ ತುಂಬ ತಂಬಾಕಿನ ಎಲೆ. ಬೇವಿನ ಮರದ ಕೆಳಗೆ ನಿಂತು ಅವನು ಎಲೆ ಉಗುಳಿದ.

"ಯಾರವರು? ನನ್ನ ನೀರಿನಾಗ ವಿಷ ಐತಿ ಅಂದವರು ಯಾರು?"

"ನಾನ್ರಿ," ಎಂದಳು ನೀಲಾ. "ವಿಷ ಐತಿ ಅಂದಿಲ್ರಿ ಅಪ್ಪಾರ. ಗೊತ್ತಿಲ್ಲ ಅಂದೇನಿ. ಹಕ್ಕಿ ಸತ್ತಾವ, ವಾಸನಿ ಐತಿ. ತಪಾಸ ಆಗೂತನಕ ಹುಡುಗರಿಗೆ ಬ್ಯಾಡ ಅಂದೇನಿ."

"ಸೊರಟೂರಾಕಿ ಅಲ್ಲೇನವಾ ನೀ? ಯಾರ ಮಗಳು? ಎರಡು ತಿಂಗಳ ಸಾಲಿ ಕಲ್ಯಾಕ ಬಂದಾಕಿ ಊರಿಗೆ ಬುದ್ಧಿ ಹೇಳ್ತೀಯೇನು? ಹನ್ನೆರಡು ದಿನ ಆತು, ನನ್ನ ಬೆಳಿಗೆ ಬಿಡೂದು ಬಿಟ್ಟು ಈ ಸಾಲಿಗೆ ಹಾಕೇನಿ. ನನ್ನ ಮೊಮ್ಮಗಳೂ ಇಲ್ಲೇ ಓದತಾಳ. ನಾ ಆಕಿಗೆ ವಿಷ ಹಾಕ್ತೀನೇನು?"

ಅವನ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅವನು ಸರಸರನೆ ಅಡುಗೆಮನೆಯ ಹಿಂದೆ ಹೋಗಿ, ಉಡಚವ್ವನ ಕೈಯಿಂದ ತಂಬಿಗೆ ಕಸಿದುಕೊಂಡು, ಟಾಕಿಯ ನಳ ತಿರುಗಿಸಿದ.

"ಬ್ಯಾಡ್ರಿ," ಎಂದಳು ನೀಲಾ.

ವನಿತಾ ಅವನಿಂದ ಒಂದು ಮಾರು ದೂರದಲ್ಲಿದ್ದಳು. ಕೈ ಚಾಚಿದ್ದರೆ ತಂಬಿಗೆ ಬೀಳಿಸಬಹುದಿತ್ತು. ಅವಳ ಕೈ ಅರ್ಧದವರೆಗೆ ಎದ್ದಿತು ಕೂಡ. ಆದರೆ ಊರ ಹಿರಿಯ, ತುಂಬಿದ ಅಂಗಳ, ಮುಖ್ಯೋಪಾಧ್ಯಾಯರ ನೋಟ, ತನಗೆ ಖಾತ್ರಿ ಇಲ್ಲ ಎಂಬ ಅಳುಕು, ಎಲ್ಲ ಸೇರಿ ಆ ಕೈಯನ್ನು ಅಲ್ಲೇ ಹಿಡಿದವು. ಪುಂಡಲೀಕಪ್ಪ ಗಟಗಟನೆ ಮುಕ್ಕಾಲು ತಂಬಿಗೆ ಕುಡಿದು, ಉಳಿದದ್ದನ್ನು ನೆಲಕ್ಕೆ ಚೆಲ್ಲಿ, ಟಾವೆಲಿನಿಂದ ಮೀಸೆ ಒರೆಸಿಕೊಂಡ.

"ಆತಿಲ್ಲೋ? ಇನ್ನ ಗಂಟಿ ಹೊಡೀರಿ ಮಾಸ್ತರ. ಹುಡುಗರು ಉಣ್ಣಲಿ."

ನಿಜಲಿಂಗಪ್ಪನವರ ಮುಖ ಅರಳಿತು. ಅವರು ಗಂಟೆಯ ಕಡೆ ಹೆಜ್ಜೆ ಇಟ್ಟರು. ವನಿತಾ ಅಡ್ಡ ಬಂದು ನಿಂತಳು.

"ಅರ್ಧಾ ತಾಸು ತಡೀರಿ ಸರ್."

"ಯಾಕ್ರಿ? ಕಣ್ಣಮುಂದ ಕುಡದಾರಲ್ಲ. ಇನ್ನೇನ ಆಗೂದೈತಿ?"

"ಗೊತ್ತಿಲ್ರಿ," ಎಂದಳು ವನಿತಾ. "ಆದ್ರ ತಡೀರಿ. ಅರ್ಧಾ ತಾಸು ಹಸದ್ರ ಹುಡುಗರು ಸಾಯೂದಿಲ್ಲ."

ಅವಳ ದನಿಯಲ್ಲಿ ಏನಿತ್ತೋ, ಅವರು ಗಂಟೆಯ ಕೋಲನ್ನು ಮತ್ತೆ ಮೊಳೆಗೆ ನೇತುಹಾಕಿದರು. ಪುಂಡಲೀಕಪ್ಪ ನಕ್ಕು, ಕಟ್ಟೆಯ ಮೇಲೆ ಕೂತು, ಊರಿನ ಬೋರುಗಳ ಕಥೆ ಹೇಳತೊಡಗಿದ. ಯಾವುದು ಎಷ್ಟು ಆಳ, ಯಾವುದು ಯಾವಾಗ ಬತ್ತಿತು. ಮಕ್ಕಳು ಕಿಟಕಿಯ ಸರಳುಗಳಿಗೆ ಮುಖ ಒತ್ತಿ ಅವನನ್ನೇ ನೋಡುತ್ತಿದ್ದರು. ಮೇಲೆ ಮರದಲ್ಲಿ ಹಕ್ಕಿಗಳು ಎಂದಿನಂತೆ ಕಿಚಿಪಿಚಿ ಎನ್ನುತ್ತಿದ್ದವು.

ಹದಿನೈದು ನಿಮಿಷಕ್ಕೆ ಅವನು ಎರಡು ಸಲ ಮುಖ ಒರೆಸಿಕೊಂಡ. ಇಪ್ಪತ್ತಕ್ಕೆ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಬಿಸಿಲು ಎಲ್ಲರಿಗೂ ಇತ್ತು, ಆದರೆ ಬೇರೆ ಯಾರೂ ಹಾಗೆ ಬೆವರಿರಲಿಲ್ಲ. ಮಾತಿನ ನಡುವೆ ಬಾಯಿಯಿಂದ ಜೊಲ್ಲು ಇಳಿಯಿತು. ಅವನಿಗೆ ಅದು ತಿಳಿಯಲಿಲ್ಲ.

"ಮೋಡ ಆತೇನು?" ಎಂದ ತಲೆ ಎತ್ತಿ. "ಯಾಕೋ ಕತ್ತಲಿ ಕತ್ತಲಿ ಕಾಣಾಕತ್ತೈತಿ."

ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ವನಿತಾ ಬಗ್ಗಿ ಅವನ ಕಣ್ಣು ನೋಡಿದಳು. ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು.

ಆಮೇಲೆ ಎಲ್ಲ ಒಮ್ಮೆಲೇ ಆಯಿತು. ಅವನು ಕಟ್ಟೆಯಿಂದ ಪಕ್ಕಕ್ಕೆ ವಾಲಿದ. ನಿಜಲಿಂಗಪ್ಪನವರು ಅವನ ತಲೆ ಹಿಡಿದು, "ಪುಂಡಲೀಕಪ್ಪಾ, ಪುಂಡಲೀಕಪ್ಪಾ" ಎಂದು ಕೂಗಿದರು. ಉಡಚವ್ವ ಎಡಗೈಯಿಂದಲೇ ಸಾರಿನ ಪಾತ್ರೆಯ ಕೆಳಗಿನ ಬೆಂಕಿ ಆರಿಸಿ, ಅಡುಗೆಮನೆಗೆ ಕೀಲಿ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಯಾರೋ ಕಾರು ತಂದರು. ಅದರ ಬೆನ್ನಿಗೇ ಪುಂಡಲೀಕಪ್ಪನ ಸಣ್ಣ ಮಗ ಹನಮಂತ ಹೊಲದಿಂದ ಓಡಿ ಬಂದ. ಇಪ್ಪತ್ತೈದರ ಗಂಡು. ಅಪ್ಪನನ್ನು ನೋಡಿ, ಟಾಕಿಯನ್ನು ನೋಡಿ, ಮೊಣಕಾಲೂರಿ ಕೂತುಬಿಟ್ಟ.

"ಅಪ್ಪಾ, ಕುಡದಿಯೇನು? ಈ ನೀರು ಕುಡದಿಯೇನು?"

"ಟ್ಯಾಂಕರಿನಾಗ ಏನಿತ್ತಪ್ಪಾ?" ಎಂದು ಕೇಳಿದಳು ವನಿತಾ. "ಜಲ್ದಿ ಹೇಳು. ದವಾಖಾನಿಯಾಗ ಹೇಳಬೇಕು."

ಬದನೆಗೆ ಹುಳ ಬಿದ್ದಿತ್ತು. ಎಣ್ಣೆ ಕಲಸುವ ಡ್ರಮ್ಮು ಒಡೆದಿತ್ತು. ಟ್ಯಾಂಕರಿನಲ್ಲೇ ಎಣ್ಣೆ ಕಲಸಿ ಪೈಪಿನಿಂದ ಹೊಡೆದಿದ್ದ, ಮೂರು ಸಲ. ಪ್ರತಿ ಸಲ ತೊಳೆದೇ ಶಾಲೆಗೆ ನೀರು ತುಂಬಿದ್ದ. ನಿನ್ನೆ ಮಾತ್ರ ಆಳು ತೊಳೆದಿದ್ದಾನೆ ಎಂದುಕೊಂಡು, ತಳದಲ್ಲಿ ಉಳಿದದ್ದರ ಮೇಲೆಯೇ ನೀರು ಬಿಟ್ಟಿದ್ದ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿ, ಎಣ್ಣೆಯ ಬಾಟಲಿ ತರಲು ಓಡಿದ. ಕಾರಿನಲ್ಲಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಮೇಡಂರಿ, ಅಂಗನವಾಡಿ! ನಿನ್ನೆ ಅಂಗನವಾಡಿ ಡ್ರಮ್ಮಿಗೂ ಇದ ನೀರು ಹಾಕೇನ್ರಿ!"

ಕಾರು ಮೊದಲು ರಾಮವ್ವನ ಮನೆಯ ಮುಂದೆ ನಿಂತು ಅವಳನ್ನೂ ಹಾಕಿಕೊಂಡು ಲಕ್ಷ್ಮೇಶ್ವರದ ದಾರಿ ಹಿಡಿಯಿತು. ನೀಲಾ ಆಗಲೇ ಊರ ಕಡೆ ಓಡುತ್ತಿದ್ದಳು. ವನಿತಾ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಓಡಿದಳು.

ಅಂಗನವಾಡಿ ಊರ ನಡುವಿನ ಓಣಿಯಲ್ಲಿತ್ತು. ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಸದ್ದಿರಲಿಲ್ಲ. ಹೊಸ್ತಿಲ ಪಕ್ಕದಲ್ಲಿ ನೀಲಿ ಡ್ರಮ್ಮು, ಅದರ ಮೇಲೆ ಒಂದು ಲೋಟ ಬೋರಲಾಗಿತ್ತು. ನೀಲಾ ಬಾಗಿಲು ತಳ್ಳಿ ಅಲ್ಲೇ ನಿಂತುಬಿಟ್ಟಳು. ಅವಳ ಹೆಗಲ ಮೇಲಿನಿಂದ ವನಿತಾ ಒಳಗೆ ನೋಡಿದಳು.

ಹದಿನೆಂಟು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದರು. ಒಬ್ಬರೂ ಅಲುಗಾಡುತ್ತಿರಲಿಲ್ಲ. ಒಂದು ಮಗುವಿನ ಬಾಯಿಯ ಮೂಲೆಯಲ್ಲಿ ನೊಣ ಕೂತಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದಿರಿ ಎಂದು ಆಮೇಲೆ ಕೇಳಿದರೆ ಇಬ್ಬರಿಗೂ ಹೇಳಲು ಬರಲಿಲ್ಲ. ನೀಲಾ ಮೊದಲನೆಯ ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಮೂಗಿನ ಹತ್ತಿರ ಕೈ ಹಿಡಿದಳು. ಆಮೇಲೆ ಅದರ ತೋಳು ಹಿಡಿದು ಜೋರಾಗಿ ಅಲ್ಲಾಡಿಸಿದಳು. ಮಗು ಕಣ್ಣು ಬಿಟ್ಟು, ಅಪರಿಚಿತ ಮುಖ ಕಂಡು, ಕಿಟಾರನೆ ಚೀರಿತು. ನೀಲಾ ಎರಡನೆಯದನ್ನು ಎಬ್ಬಿಸಿದಳು, ಮೂರನೆಯದನ್ನು ಎಬ್ಬಿಸಿದಳು. ವನಿತಾ ಆ ತುದಿಯಿಂದ ಶುರುಮಾಡಿದಳು. ಒಂದೊಂದು ಅಳುವೂ ಅವಳ ಎದೆಯ ಮೇಲಿಂದ ಒಂದೊಂದು ಕಲ್ಲು ಇಳಿಸುತ್ತಿತ್ತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಕಾರ್ಯಕರ್ತೆ ಅಲ್ಮಾಸಬಿ ಗಾಬರಿಯಿಂದ ಓಡಿ ಬಂದಾಗ ಹದಿನೆಂಟೂ ಮಕ್ಕಳು ಒಟ್ಟಿಗೆ ಅಳುತ್ತಿದ್ದವು.

"ಏನ್ ಮಾಡಾಕತ್ತೀರಿ ನೀವು? ಈಗರ ಮಲಗಿಸೇನಿ!"

"ಡ್ರಮ್ಮಿನ ನೀರು ಕುಡಿಸೀರೇನು?"

"ಇಲ್ರೀ. ಇವತ್ತ ನಳಾ ಬಂದಿತ್ತು, ತಾಜಾ ತುಂಬೇನಿ. ಆ ಡ್ರಮ್ಮು ನಾಳಿಗೆ ಅಂತ ಇಟ್ಟೇನಿ. ಯಾಕ್ರಿ, ಏನಾತು?"

ವನಿತಾ ಗೋಡೆಗೆ ಆತು ಕೂತಳು. ನೀಲಾ ಡ್ರಮ್ಮಿನ ಮುಚ್ಚಳ ಒತ್ತಿ, ಮೇಲೆ ಬೀಸುಕಲ್ಲಿನ ಹೋಳು ಎತ್ತಿಟ್ಟು, ಆಮೇಲೆ ಅಲ್ಮಾಸಬಿಗೆ ಎಲ್ಲ ಹೇಳಿದಳು.

ಪುಂಡಲೀಕಪ್ಪನನ್ನು ಲಕ್ಷ್ಮೇಶ್ವರದಿಂದ ಗದುಗಿಗೆ ಕಳಿಸಿದರು. ಆರು ದಿನ ಕೃತಕ ಉಸಿರಾಟದಲ್ಲಿದ್ದ. ಬದುಕಿದ. ಆದರೆ ತಿರುಗಿ ಬಂದಾಗ ಅವನ ಕೈ ಲೋಟ ಹಿಡಿಯುವಷ್ಟು ಗಟ್ಟಿ ಇರಲಿಲ್ಲ. ರಾಮವ್ವ ಒಂಬತ್ತನೆಯ ದಿನ ಮನೆಗೆ ಬಂದಳು, ಕಣ್ಣು ಗುಳಿಬಿದ್ದು, ಮಾತು ಕಡಿಮೆಯಾಗಿ. ಸಾರನ್ನೂ ಅನ್ನವನ್ನೂ ಮೊಣಕಾಲುದ್ದ ಗುಂಡಿ ತೋಡಿ ಹುಗಿದರು. ಮರುದಿನ ಒಂದು ನಾಯಿ ಅಲ್ಲಿ ಕೆದರಿ ತಿಂದು ಸತ್ತಿತು.

ಊರು ನೀಲಾಳನ್ನು ಹೊಗಳಲಿಲ್ಲ. ಮೊದಲ ವಾರ ಶಾಲೆಗೆ ಬಂದವರು ಹನ್ನೊಂದು ಮಕ್ಕಳು. ಆಕೆ ಬಾಯಿ ಮುಚ್ಚಿಕೊಂಡಿದ್ದರೆ ಪುಂಡಲೀಕಪ್ಪ ಕುಡಿಯುತ್ತಲೇ ಇರಲಿಲ್ಲ ಎಂದರು ಕೆಲವರು. ಸಾರು ಉಂಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವನಿತಾ ಕಾಲೇಜಿಗೆ ರಜೆ ಬರೆದು ವಾರಕ್ಕೆರಡು ದಿನ ಎಳ್ಳಿಕೊಪ್ಪಕ್ಕೆ ಬರತೊಡಗಿದಳು. ಪಾಠ ನೋಡಲು ಅಲ್ಲ, ನೀಲಾಳ ಪಕ್ಕದಲ್ಲಿ ನಿಲ್ಲಲು. ಆ ಅತ್ಯುತ್ತಮ ಎಂದು ಬರೆದ ಹಾಳೆಯನ್ನು ಅವಳು ಹರಿದು ಹಾಕಿ, ಹೊಸದನ್ನು ತುಂಬದೆ ಖಾಲಿ ಇಟ್ಟಿದ್ದಳು.

ಉಳಿದದ್ದು ಟಾಕಿ. ಎರಡು ಸಾವಿರ ಲೀಟರ್ ನೀರು ಅದರೊಳಗೆ ಹಾಗೇ ಇತ್ತು. ಒಂದು ಮಧ್ಯಾಹ್ನ ನೀಲಾ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ ಕೇಳಿದಳು: "ಈ ನೀರು ಎಲ್ಲಿ ಚೆಲ್ಲೋಣು?"

"ಹಿತ್ತಲದಾಗ್ರಿ," ಎಂದ ಒಬ್ಬ.

"ಹಿತ್ತಲದ ಕೆಳಗ ಏನೈತಿ?"

"ಕೈಪಂಪ್ರಿ."

"ಗಟಾರಕ್ಕ ಬಿಡೋಣ್ರಿ," ಎಂದಳು ಇನ್ನೊಬ್ಬಳು, ಮರುಕ್ಷಣ ತಾನೇ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಗಟಾರ ಹಳ್ಳಕ್ಕ ಹೋಗ್ತೈತಿ. ಹಳ್ಳದಾಗ ಎಮ್ಮಿ ನೀರು ಕುಡಿತಾವ."

ರಸ್ತೆಗೆ ಚೆಲ್ಲಿದರೆ ಮಳೆಗೆ ಕೆರೆಗೆ ಹೋಗುತ್ತದೆ. ಬೀಳು ಹೊಲಕ್ಕೆ ಬಿಟ್ಟರೆ ಕುರಿ ಮೇಯುತ್ತವೆ. ಮಕ್ಕಳು ಒಂದೊಂದೇ ಜಾಗ ಹೇಳುತ್ತ, ಒಂದೊಂದನ್ನೇ ತಾವೇ ಅಳಿಸುತ್ತ ಹೋದರು. ಕೊನೆಗೆ ಊರಿನ ಜಾಗಗಳೆಲ್ಲ ಮುಗಿದವು. ವನಿತಾ ಹಿಂದೆ ಕೂತು ಕೇಳುತ್ತಿದ್ದಳು. ಅವಳ ಯಾವ ಚಾರ್ಟಿನಲ್ಲೂ ಆ ಪ್ರಶ್ನೆ ಇರಲಿಲ್ಲ.

"ನಿಮಗ ಗೊತ್ತೈತೇನ್ರಿ ಮೇಡಂ?" ಎಂದು ರಾಮವ್ವ ತಿರುಗಿ ಅವಳನ್ನೇ ಕೇಳಿದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಹುಡುಗಿ ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲವಾ," ಎಂದಳು ವನಿತಾ. "ಗದಗಿಂದ ಗೊತ್ತಿದ್ದ ಸಾಹೇಬರನ್ನ ಕರಿಸೇವಿ. ಬರ್ತೀವಿ ಅಂದಾರ."

ಬರುತ್ತೇವೆ ಎಂದವರು ಇಪ್ಪತ್ಮೂರು ದಿನವಾದರೂ ಬರಲಿಲ್ಲ. ಟಾಕಿಯ ಸುತ್ತ ಜಾಲಿಮುಳ್ಳು ಹಾಕಿದ್ದರು, ನಳಕ್ಕೆ ತಂತಿ ಬಿಗಿದಿದ್ದರು. ಏಪ್ರಿಲ್ಲಿನ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ಕು ಮಧ್ಯಾಹ್ನದಲ್ಲಿ ಟಪ್ ಟಪ್ ಎಂದು ಸದ್ದು ಮಾಡುತ್ತಿತ್ತು. ಪ್ರತಿ ಸದ್ದಿಗೂ ತರಗತಿಯಲ್ಲಿ ತಲೆಗಳು ಆ ಕಡೆ ತಿರುಗುತ್ತಿದ್ದವು.

ಇಪ್ಪತ್ನಾಲ್ಕನೆಯ ದಿನ, ಶಾಲೆ ಬಿಡುವ ಹೊತ್ತಿಗೆ, ಕಪ್ಪತಗುಡ್ಡದ ಕಡೆಯಿಂದ ವರ್ಷದ ಮೊದಲ ಮೋಡ ಎದ್ದಿತು. ಗಾಳಿ ಮೊದಲು ಬಂತು. ಮರದಲ್ಲಿ ತೂಗುತ್ತಿದ್ದ ಬೋಗುಣಿಗಳು ಒಂದಕ್ಕೊಂದು ಬಡಿದು ಒಡೆದವು. ಟಾಕಿಯ ಮುಚ್ಚಳ ಒಮ್ಮೆ ಎದ್ದು ಬಡಿಯಿತು. ಅದು ಹಾರಿದರೆ ಮಳೆಗೆ ಟಾಕಿ ತುಂಬಿ ಹೊರಗೆ ಹರಿಯುತ್ತಿತ್ತು. ನೀಲಾ ಮಕ್ಕಳನ್ನು ಮನೆಗೆ ಓಡಿಸಿ ಮುಳ್ಳು ತುಳಿದುಕೊಂಡೇ ಒಳನುಗ್ಗಿದಳು. ವನಿತಾ, ಉಡಚವ್ವ, ನಿಜಲಿಂಗಪ್ಪನವರು ಮೂವರೂ ಅವಳ ಹಿಂದೆ ಹೋದರು. ಸಿಕ್ಕ ಕಲ್ಲುಗಳನ್ನೆಲ್ಲ ಕೈಯಿಂದ ಕೈಗೆ ದಾಟಿಸಿದರು. ನೀಲಾ ಮೇಲೆ ಹತ್ತಿ ಒಂದೊಂದನ್ನೇ ಮುಚ್ಚಳದ ಮೇಲೆ ಒಟ್ಟಿದಳು.

ಕೆಳಗೆ ನಿಂತ ವನಿತಾ ಟಾಕಿಗೆ ಎರಡೂ ಕೈ ಒತ್ತಿ ಹಿಡಿದಿದ್ದಳು. ಒಳಗೆ ನೀರು ತುಳುಕುತ್ತ ಆಚೆಗೂ ಈಚೆಗೂ ಹೊಯ್ದಾಡುವುದು ಅಂಗೈಗೆ ತಿಳಿಯುತ್ತಿತ್ತು. ಮೊದಲ ದಪ್ಪ ಹನಿಗಳು ಎರೆಮಣ್ಣಿನ ಮೇಲೆ ಬಿದ್ದವು.

"ಇನ್ನೊಂದು ಕಲ್ಲು ಕೊಡ್ರಿ ಮೇಡಂ," ಎಂದಳು ನೀಲಾ ಮೇಲಿನಿಂದ.

ವನಿತಾ ಕಲ್ಲು ಹುಡುಕಲು ಬಗ್ಗಿದಳು.